ಒಂದನೇ ನಂಬರಿನ ಮೋರಿ

ಡೆಲ್ಮರ್ ಸ್ಟ್ರೌಡನ ಹೊಟ್ಟೆ ಇನ್ನೆರಡು ಇಂಚು ಕಮ್ಮಿ ಇದ್ದಿದ್ದರೆ ಈ ಕತೆ ನಡೆಯುತ್ತಲೇ ಇರಲಿಲ್ಲ. ಕೂತರೆ ಸಾಕು, ಬೆಲ್ಟಿಗೆ ಸಿಕ್ಕಿಸಿದ ಹಿತ್ತಾಳೆಯ ಕೀಲಿಕೈ ಹೊಟ್ಟೆಯ ಮಡಿಕೆಗೆ ಚುಚ್ಚುತ್ತಿತ್ತು. ಅದಕ್ಕೇ ಆ ಬೆಳಗ್ಗೆ, ಸೂರ್ಯ ಇನ್ನೂ ಗುಡ್ಡದ ಆಚೆಗಿರುವಾಗಲೇ, ಪಾರ್ಕಿನ ಶೌಚಾಲಯ ತೊಳೆದು, ನೆಲ ಒಣಗಲಿ ಎಂದು ಬೀಗ ಹಾಕಿ ಬಂದವನು ಕೀಲಿಕೈಯನ್ನು ಬಿಚ್ಚಿ ತನ್ನ ಮನೆಗಾಡಿಯ ಎದುರಿನ ಮರದ ಮೇಜಿನ ಮೇಲಿಟ್ಟ. ಒಳಗೆ ಹೋಗಿ ಕಾಫಿ ಬಗ್ಗಿಸಿಕೊಂಡು ಬಂದ. ಎರಡು ನಿಮಿಷ ಆಗಿರಬಹುದು, ಹೆಚ್ಚೆಂದರೆ ಮೂರು. ಮೇಜಿನ ಮೇಲೆ ಕೀಲಿಕೈ ಇರಲಿಲ್ಲ. ಅದಿದ್ದ ಜಾಗದಲ್ಲೇ, ಅಳತೆ ಮಾಡಿ ಇಟ್ಟ ಹಾಗೆ, ಒಣಗಿದ ಕಳ್ಳಿಯ ಒಂದು ತುಂಡು ಇತ್ತು.

ಡೆಲ್ಮರ್ ಮೇಜಿನ ಕೆಳಗೆ ನೋಡಿದ. ಕಾಫಿ ಲೋಟದೊಳಗೂ ನೋಡಿದ. ಕಳ್ಳಿಯ ಕೆಳಗೇನಾದರೂ ಅಡಗಿದೆಯೋ ಎಂದು ಅದನ್ನು ಎತ್ತಹೋಗಿ ಬೆರಳಿಗೆ ಐದು ಮುಳ್ಳು ಚುಚ್ಚಿಸಿಕೊಂಡ.

“ನೊರೀನ್, ನನ್ನ ಕೀಲಿಕೈ ನೋಡಿದ್ಯಾ?”

“ನಿನ್ನ ಸೊಂಟದಲ್ಲಿದೆ ನೋಡು,” ಎಂದಳು ಹೆಂಡತಿ ಒಳಗಿನಿಂದ.

“ಸೊಂಟದಲ್ಲಿಲ್ಲ.”

“ಹಾಗಾದ್ರೆ ಎಲ್ಲೋ ಇಟ್ಟಿರ್ತೀಯ. ಮೊನ್ನೆ ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕ್ದೋನು ನೀನು.”

ಈ ಕೀಲಿಕೈ ಕನ್ನಡಕದಂಥ ಸಾಮಾನ್ಯ ವಸ್ತುವಲ್ಲ ಎನ್ನುವುದು ಡೆಲ್ಮರನಿಗೆ ಗೊತ್ತಿತ್ತು. ಶೌಚಾಲಯ, ಉಗ್ರಾಣ, ಹಿಂದಿನ ಗೇಟು, ಎಲ್ಲಕ್ಕೂ ಅದೊಂದೇ. ಹೋದ ಚಳಿಗಾಲ ಅದನ್ನು ಕಳೆದ ಸ್ವಯಂಸೇವಕನೊಬ್ಬ ಸಂಜೆಯೊಳಗೆ ಗಾಡಿ ಕಟ್ಟಿಕೊಂಡು ಹೋಗಬೇಕಾಗಿ ಬಂದಿತ್ತು. ಅದೂ ಹೋಗಲಿ, ಇವತ್ತೇ ಕಳೆಯಬೇಕೇ?

ಡೆಲ್ಮರ್ ಮತ್ತು ನೊರೀನ್ ಓಹಾಯೋದ ಮನೆ ಮಾರಿ ಐದು ವರ್ಷವಾಗಿತ್ತು. ಅವನು ಮೂವತ್ತೊಂದು ವರ್ಷ ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿ ನಿವೃತ್ತನಾದವನು. ಅವಳು ಶಾಲೆಯ ಊಟದ ಮನೆಯಲ್ಲಿ ಬಡಿಸಿ ನಿವೃತ್ತಳಾದವಳು; ಬಡಿಸುವ ಕೈ ಮಾತ್ರ ಇನ್ನೂ ನಿವೃತ್ತಿ ಪಡೆದಿರಲಿಲ್ಲ. ಈಗ ವಾಸವೆಲ್ಲ ಮೂವತ್ತನಾಲ್ಕು ಅಡಿಯ ಮನೆಗಾಡಿಯಲ್ಲಿ. ಹೆಸರೇ ಹೇಳುವಂತೆ ಅದು ಮನೆಯೂ ಹೌದು, ಗಾಡಿಯೂ ಹೌದು. ಎರಡರ ತಾಪತ್ರಯವೂ ಅದಕ್ಕುಂಟು. ಬೇಸಿಗೆಗೆ ಮೊಂಟಾನಾ, ಚಳಿಗಾಲಕ್ಕೆ ಅರಿಜೋನಾ. ಪಾರ್ಕಿನಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಸೇವೆ ಮಾಡಿದರೆ ಗಾಡಿ ನಿಲ್ಲಿಸಲು ಜಾಗ ಬಿಟ್ಟಿ. ಸೇವೆ ಅಂದರೆ ಶೌಚಾಲಯ ತೊಳೆಯುವುದು, ಬೆಂಕಿಗುಂಡಿಯ ಬೂದಿ ಬಳಿಯುವುದು, ಹಾವು ಕಂಡು ಕಿರುಚಿದವರಿಗೆ ನಿಮಗಿಂತ ಹಾವೇ ಹೆಚ್ಚು ಹೆದರಿದೆ ಎಂದು ಸಮಾಧಾನ ಹೇಳುವುದು.

ಎಲ್ಲ ಸರಿಯೇ. ಆದರೆ ಪಾಲೋ ಸೆಕೋ ಪಾರ್ಕಿನಲ್ಲಿ ಅವರಿಗೆ ಸಿಕ್ಕಿದ್ದ ಒಂಬತ್ತನೇ ನಂಬರಿನ ಜಾಗಕ್ಕೆ ನೀರಿತ್ತು, ಕರೆಂಟಿತ್ತು, ಮೋರಿ ಇರಲಿಲ್ಲ. ಗಾಡಿಯ ಹೊಟ್ಟೆಯಲ್ಲಿರುವ ಮಲದ ಟ್ಯಾಂಕು ತುಂಬಿದಾಗಲೆಲ್ಲ ಕುರ್ಚಿ ಮಡಚಿ, ಬಿಸಿಲ ಪರದೆ ಸುತ್ತಿ, ತಟ್ಟೆ ಲೋಟ ಕಟ್ಟಿಟ್ಟು, ಇಡೀ ಮನೆಯನ್ನು ಅರ್ಧ ಮೈಲಿ ಓಡಿಸಿಕೊಂಡು ಹೋಗಿ ಆಫೀಸಿನೆದುರಿನ ಗುಂಡಿಗೆ ಖಾಲಿ ಮಾಡಿ ಬರಬೇಕು. ಮನುಷ್ಯ ಪಾಯಖಾನೆಗೆ ಹೋಗುವುದು ಲೋಕರೂಢಿ. ಮನೆಯನ್ನೇ ಪಾಯಖಾನೆಗೆ ಕರೆದುಕೊಂಡು ಹೋಗುವ ಹಣೆಬರಹ ಡೆಲ್ಮರನದು.

ಒಂದನೇ ನಂಬರಿಗೆ ಮೋರಿಯಿತ್ತು. ನೆರಳಿಗೆ ಮರವೂ ಇತ್ತು. ಅಲ್ಲಿದ್ದ ದಂಪತಿ ಮಗಳ ಹೆರಿಗೆಗೆಂದು ಸೋಮವಾರ ಹೊರಡುವವರಿದ್ದರು. ಆ ಜಾಗ ಯಾರಿಗೆ ಎನ್ನುವುದನ್ನು ರೇಂಜರ್ ಮರಿಸೆಲ್ ಅರಾಂಡಾ ಇವತ್ತು ಸಂಜೆ ನಾಲ್ಕಕ್ಕೆ ಬಂದು ಹೇಳುತ್ತೇನೆ ಎಂದಿದ್ದಳು. ಪೈಪೋಟಿಯಲ್ಲಿದ್ದವರು ಇಬ್ಬರೇ: ಡೆಲ್ಮರ್, ಮತ್ತು ಏಳನೇ ನಂಬರಿನ ಲೈಲ್. ಅರವತ್ತೆಂಟನೆಯ ವಯಸ್ಸಿನಲ್ಲಿ ಮನುಷ್ಯನಿಗೆ ದೊಡ್ಡ ಆಸೆಗಳಿರುವುದಿಲ್ಲ. ಡೆಲ್ಮರನಿಗೆ ಇದ್ದದ್ದು ಒಂದೇ, ಸ್ವಂತ ಮೋರಿ.

ಅವನು ಬಗ್ಗಿ ಚಕ್ರದ ಹಿಂದೆ ತಡಕಾಡುತ್ತಿರುವಾಗ ವಿಲ್ಮಾ ಪ್ರೂಯಿಟ್ ಬಂದಳು. ಎಪ್ಪತ್ತನಾಲ್ಕರ ವಿಧವೆ, ಎರಡು ಪುಟ್ಟ ನಾಯಿಗಳ ಜೊತೆ ಪುಟ್ಟ ಗಾಡಿಯಲ್ಲಿ ವಾಸ. ಸ್ವಯಂಸೇವಕರಿಗೆಲ್ಲ ಪಾರ್ಕಿನವರು ಕೈರೇಡಿಯೋ ಕೊಟ್ಟಿದ್ದರು. ವಿಲ್ಮಾಳಿಗೆ ಕೊಟ್ಟದ್ದು ಮಾತ್ರ ಪಾರ್ಕಿನವರ ತಪ್ಪು. ಒಬ್ಬರು ಸೀನಿದರೆ ಅವಳು ಅದನ್ನು ರೇಂಜರಿಗೆ ಹೇಳುತ್ತಿದ್ದಳು.

“ಏನಯ್ಯಾ ಡೆಲ್, ಯೋಗಾಸನವಾ?”

ಹೇಳದೆ ಬೇರೆ ದಾರಿಯಿರಲಿಲ್ಲ. ಹೇಳಿದ. ವಿಲ್ಮಾ ಕಳ್ಳಿಯ ತುಂಡನ್ನು ನೋಡಿ ಗೊಳ್ಳೆಂದು ನಕ್ಕಳು.

“ಇಲಿ ಕಣಯ್ಯಾ! ಅದಲುಬದಲು ಇಲಿ. ಬಾಯಲ್ಲಿ ಏನೋ ಕಚ್ಕೊಂಡು ಹೋಗ್ತಿರತ್ತೆ, ದಾರೀಲಿ ಅದಕ್ಕಿಂತ ಥಳಥಳ ಅನ್ನೋದು ಕಂಡ್ರೆ ಇದನ್ನ ಬಿಟ್ಟು ಅದನ್ನ ತಗೊಂಡು ಹೋಗತ್ತೆ. ನನ್ನ ಕೆಳಗಿನ ಹಲ್ಲಿನ ಸೆಟ್ಟು ಹೋಗಿ ತಿಂಗಳಾಯ್ತು. ಬದಲಿಗೆ ಏನು ಇಟ್ಟಿತ್ತು ಗೊತ್ತಾ? ಒಂದು ಪೈನ್ ಕಾಯಿ!”

“ಕದ್ದು ಎಲ್ಲಿಗೆ ಒಯ್ಯತ್ತೆ?”

“ಗೂಡಿಗೆ. ಇನ್ನೇನು ಬ್ಯಾಂಕಿಗಾ?” ಎನ್ನುತ್ತ ವಿಲ್ಮಾ ಸೊಂಟದ ರೇಡಿಯೋಗೆ ಕೈ ಹಾಕಿದಳು.

ಡೆಲ್ಮರ್ ಆ ಕೈ ಹಿಡಿದುಕೊಂಡ. “ವಿಲ್ಮಾ, ನಿನ್ನ ದಮ್ಮಯ್ಯ. ನಾಲ್ಕು ಗಂಟೆ ತನಕ ಬಾಯಿ ಮುಚ್ಕೊಂಡಿರು.”

“ನೊರೀನಳ ಬಾಳೆಹಣ್ಣಿನ ಬ್ರೆಡ್ ಇದ್ಯಾ?”

“ಇದೆ.”

“ಇಡೀದು ಬೇಕು. ತುಂಡು ಅಲ್ಲ,” ಎಂದಳು ವಿಲ್ಮಾ.

ಏಳೂವರೆಗೆ ಬಸ್ಸೊಂದು ಬಂತು. ಟೂಸಾನಿನಿಂದ ಹಕ್ಕಿ ನೋಡುವವರ ಸಂಘ. ಇಪ್ಪತ್ತನಾಲ್ಕು ಜನ, ಎಲ್ಲರ ಕುತ್ತಿಗೆಯಲ್ಲೂ ದುರ್ಬೀನು, ಎಲ್ಲರ ಕೈಯಲ್ಲೂ ಕಾಫಿ ಫ್ಲಾಸ್ಕು. ಬೆಳಗಿನ ನಾಲ್ಕರಿಂದ ಆ ಕಾಫಿಯನ್ನೇ ಕುಡಿದುಕೊಂಡು ಬಂದವರು. ಬಸ್ಸಿಳಿದವರು ಮೊದಲು ನೋಡಿದ್ದು ಹಕ್ಕಿಯನ್ನಲ್ಲ, ಶೌಚಾಲಯದ ಬಾಗಿಲನ್ನು. ಅದಕ್ಕೆ ಬೀಗ ಬಿದ್ದಿತ್ತು.

“ನೆಲ ಒಣಗ್ತಾ ಇದೆ. ಸ್ವಲ್ಪ ಹೊತ್ತು,” ಎಂದ ಡೆಲ್ಮರ್.

ಅರ್ಧ ಗಂಟೆ ಕಳೆದರೂ ನೆಲ ಒಣಗುತ್ತಲೇ ಇತ್ತು. ಹಕ್ಕಿ ನೋಡುವವರು ಕಾಲು ಬದಲಿಸಿ ಬದಲಿಸಿ ನಿಂತರು. ಹಕ್ಕಿಗಳೇ ಮರದ ಮೇಲೆ ಕೂತು ಇವರನ್ನು ನೋಡತೊಡಗಿದವು.

ಈ ಹೊತ್ತಿಗೆ ನೊರೀನ್ ಕಿಟಕಿಯಿಂದ ತಲೆ ಹೊರಹಾಕಿದಳು. ಹಸಿದವರನ್ನೋ ಅವಸರದವರನ್ನೋ ಕಂಡರೆ ಅವಳ ಕರುಳು ಚುರ್ ಅನ್ನುತ್ತದೆ. “ಅಯ್ಯೋ, ಯಾಕ್ರೀ ಬಿಸಿಲಲ್ಲಿ ನಿಂತಿದೀರ? ನಮ್ಮಲ್ಲಿಗೇ ಬನ್ನಿ! ಒಬ್ಬೊಬ್ಬರಾಗಿ ಬನ್ನಿ. ಬ್ರೆಡ್ ಈಗಷ್ಟೇ ಓವನ್ನಿಂದ ತೆಗ್ದಿದೀನಿ.”

“ನೊರೀನ್!” ಎಂದು ಡೆಲ್ಮರ್ ಹಲ್ಲು ಕಚ್ಚಿ ಪಿಸುಗುಟ್ಟಿದ. “ಇಪ್ಪತ್ನಾಲ್ಕು ಜನ! ನಮ್ಮ ಟ್ಯಾಂಕು!”

“ಟ್ಯಾಂಕು ಇರೋದೇ ಅದಕ್ಕೆ ಅಲ್ವೇನೋ? ಕೀಲಿಕೈ ಕಳೆದೋನು ನೀನು. ಹೋಗಿ ಹುಡುಕು. ನಾನು ಇವ್ರನ್ನ ನೋಡ್ಕೋತೀನಿ.”

ಮನೆಗಾಡಿಯ ಮುಂದೆ ಸಾಲು ನಿಂತಿತು. ಹೋದವರೆಲ್ಲ ಹಗುರವಾಗಿ ಬಂದು, ಬ್ರೆಡ್ ತಿಂದು, ನೊರೀನ್ ಕೊಟ್ಟ ಇನ್ನೊಂದು ಲೋಟ ಕಾಫಿ ಕುಡಿದು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು.

ಡೆಲ್ಮರ್ ಗೂಡು ಹುಡುಕಹೊರಟ. ಅದಕ್ಕೇನೂ ದೂರ ಹೋಗಬೇಕಿರಲಿಲ್ಲ. ಒಂಬತ್ತನೇ ನಂಬರಿನ ಹಿಂದೆಯೇ, ಮರದ ಬುಡದಲ್ಲಿ, ಸೊಂಟದೆತ್ತರದ ಗೂಡೊಂದಿತ್ತು. ಕಡ್ಡಿ, ಕಳ್ಳಿ, ಎಲುಬು, ಒಣ ಸಗಣಿ, ಹತ್ತು ತಲೆಮಾರಿನ ಇಲಿಗಳು ಕೂಡಿಟ್ಟ ಆಸ್ತಿ. ಅದರ ಮುಂದೆ ಒಂದು ಹಲಗೆ: “ಇಲಿಗೂಡನ್ನು ಮುಟ್ಟಬೇಡಿ. ಅವೂ ಈ ಪಾರ್ಕಿನ ನಿವಾಸಿಗಳು.” ಹೋದ ತಿಂಗಳು ಅದನ್ನು ಬರೆದು ನೆಟ್ಟವನು ಡೆಲ್ಮರನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವ ಹಾಗೆ ಅವನು ಆಚೀಚೆ ನೋಡಿ, ಮಾಂಸ ಸುಡುವ ಉದ್ದ ಇಕ್ಕಳ ಹಿಡಿದು, ಹಲಗೆಯ ಪಕ್ಕದಲ್ಲೇ ಮೊಣಕಾಲೂರಿ ಭುಜದವರೆಗೂ ಗೂಡಿನೊಳಗೆ ತೋಳು ತೂರಿಸಿದ.

“ಏನಪ್ಪಾ ಅದು?” ಎಂಬ ದನಿ ಬಂತು.

ಲೈಲ್. ಮಿನಸೋಟದವನು, ಕಡ್ಡಿಯಂಥ ಮೈ, ಇಸ್ತ್ರಿ ಮಾಡಿದ ಸ್ವಯಂಸೇವಕರ ಅಂಗಿ. ಲೋಕದ ಎಲ್ಲ ಕಾಯಿಲೆಗೂ ಅವನ ಬಳಿ ಒಂದು ಮದ್ದಿರುತ್ತಿತ್ತು.

“ಆರೋಗ್ಯ ತಪಾಸಣೆ,” ಎಂದ ಡೆಲ್ಮರ್, ತೋಳು ಹೊರತೆಗೆಯದೆ. “ಗೂಡಿನದು.”

“ಇಲಿ ಕಾಟ ಇದ್ರೆ ನನ್ನನ್ನ ಕೇಳ್ಬೇಕಪ್ಪಾ. ನನ್ನ ಟ್ರಕ್ಕಿನ ಎಂಜಿನ್ನಿಗೆ ಪುದೀನ ಎಣ್ಣೆ ಹಚ್ತೀನಿ. ನಾಲ್ಕು ಮೂಲೇಗೆ ನಾಲ್ಕು ಸೋಪು. ನಡುವೆ ಡಾಂಬರು ಗುಳಿಗೆ. ಮೇಲಿಂದ ನೀಲಿ ದೀಪದ ಸರ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಇಲಿ, ಕೇಳ್ಕೋ, ಒಂದೇ ಒಂದು ಇಲಿ ನನ್ನ ಗಾಡಿ ಹತ್ರ ಸುಳಿದಿಲ್ಲ.” ಅವನು ಶೌಚಾಲಯದ ಕಡೆ ಕಣ್ಣು ಹಾಯಿಸಿದ. “ಅಲ್ಲಾ, ಬೀಗ ಯಾಕೆ ಹಾಕಿದೆ?”

“ನೆಲ ಒಣಗ್ತಾ ಇದೆ.”

“ಅರಿಜೋನಾದಲ್ಲಿ? ಮೂರು ತಾಸಿನಿಂದ?”

ಅದೇ ಹೊತ್ತಿಗೆ ಗೂಡಿನೊಳಗೆ ಏನೋ ಡೆಲ್ಮರನ ಹೆಬ್ಬೆರಳು ಕಚ್ಚಿತು. ಲೈಲ್ ನಗುತ್ತ ಹೋದ. ಆ ನಗು ಒಳ್ಳೆಯ ನಗು ಅಲ್ಲ ಎಂದು ಡೆಲ್ಮರನಿಗೆ ಅನ್ನಿಸಿತು.

ಒಂದೂವರೆ ತಾಸು ಕೆದಕಿದ. ಒಂದು ಬಾಟಲಿ ಮುಚ್ಚಳ, ಮೂರು ಗುಂಡಿ, ಯಾವುದೋ ಮಗುವಿನ ಬೂಟು ಸಿಕ್ಕವು. ಬೆಟ್ಟ ಅಗೆದವನಿಗೆ ಇಲಿಯಾದರೂ ಸಿಗುತ್ತದಂತೆ. ಡೆಲ್ಮರನಿಗೆ ಅದೂ ಸಿಗಲಿಲ್ಲ.

ಅಷ್ಟರಲ್ಲಿ ನೊರೀನ್ ಓಡಿ ಬಂದಳು. “ಡೆಲ್, ನಾಲ್ಕನೇ ದೀಪ ಹತ್ತಿತು!”

ಗಾಡಿಯ ಒಳಗೋಡೆಯಲ್ಲಿ ಟ್ಯಾಂಕಿನ ಮಟ್ಟ ತೋರಿಸುವ ನಾಲ್ಕು ದೀಪಗಳಿವೆ. ನಾಲ್ಕನೆಯದು ಕೆಂಪು. ಅದು ಹತ್ತಿದ ಮೇಲೆ ಇನ್ನೊಬ್ಬರು ಒಳಹೋದರೆ ಏನಾಗುತ್ತದೆ ಎನ್ನುವುದನ್ನು ಮನೆಗಾಡಿಯಲ್ಲಿ ಬದುಕುವವರು ಮಾತಿನಲ್ಲಿ ಹೇಳುವುದಿಲ್ಲ, ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಾರೆ, ಅಷ್ಟೆ.

ಡೆಲ್ಮರ್ ಓಡಿದ. ಪರದೆ ಸುತ್ತಿದ, ನೀರಿನ ಪೈಪು ಕಿತ್ತ, ಕರೆಂಟಿನ ತಂತಿ ಎಳೆದ, ಗಾಡಿಯ ಪಕ್ಕಕ್ಕೆ ಡ್ರಾಯರಿನಂತೆ ಹೊರಚಾಚಿದ ಕೋಣೆಯನ್ನು ಒಳಗೆಳೆದುಕೊಂಡ. ನೊರೀನ್ ತಟ್ಟೆಗಳ ಸಮೇತ ಕೆಳಗೇ ಉಳಿದು ಅತಿಥಿಗಳಿಗೆ ಬಡಿಸುತ್ತಿದ್ದಳು. ಹೊರಡುವ ಮುಂಚೆ ನೋಡಬೇಕಾದ ಇಪ್ಪತ್ತೊಂದು ವಿಷಯಗಳ ಪಟ್ಟಿಯೊಂದು ಸ್ಟಿಯರಿಂಗಿನ ಪಕ್ಕದಲ್ಲೇ ಅಂಟಿಸಿತ್ತು. ಆ ಇಪ್ಪತ್ತೊಂದನ್ನೂ ನೋಡಿದ. ಪಾಯಖಾನೆಯಲ್ಲಿ ಯಾರಾದರೂ ಇದ್ದಾರೆಯೇ ಎನ್ನುವುದು ಪಟ್ಟಿಯಲ್ಲಿರಲಿಲ್ಲ.

ಗುಂಡಿಯ ಹತ್ತಿರ ನಿಲ್ಲಿಸಿ, ಕೈಗವಸು ಹಾಕಿ, ದಪ್ಪ ಪೈಪು ಜೋಡಿಸುತ್ತಿದ್ದಾಗ ಎದುರಿನ ಆಫೀಸಿನ ಕಿಟಕಿ ತೆರೆಯಿತು. ರೇಂಜರ್ ಮರಿಸೆಲ್ ಅರಾಂಡಾ. ಮೂವತ್ತೈದರ ಹುಡುಗಿ, ಅವಳ ಟೋಪಿಯ ಕೆಳಗಿನ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ.

“ಮಿಸ್ಟರ್ ಸ್ಟ್ರೌಡ್! ಮೊನ್ನೆ ತಾನೇ ಖಾಲಿ ಮಾಡಿದ್ರಲ್ಲಾ?”

“ನೊರೀನಿಗೆ ಹೊಟ್ಟೆ ಸರಿ ಇಲ್ಲ,” ಎಂದ ಡೆಲ್ಮರ್.

ಆಗಲೇ ಮನೆಗಾಡಿಯ ಬಾಗಿಲು ತೆರೆದು ಎಂಬತ್ತು ದಾಟಿದ ಅಜ್ಜಿಯೊಬ್ಬಳು ಮೆಟ್ಟಿಲಿಳಿದಳು. ಕುತ್ತಿಗೆಯಲ್ಲಿ ದುರ್ಬೀನು, ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು.

ಮರಿಸೆಲ್ ಹುಬ್ಬೇರಿಸಿದಳು.

“ನಮ್ಮತ್ತೆ,” ಎಂದ ಡೆಲ್ಮರ್. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಗಲಿ ಎಂದು.

ಅಜ್ಜಿಗೆ ಸಂಬಂಧದ ಗೊಡವೆ ಇರಲಿಲ್ಲ. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. “ಟ್ರೋಗನ್!” ಎಂದಳು ಡೆಲ್ಮರನ ಕೈಗವಸನ್ನೇ ಹಿಡಿದುಕೊಂಡು. “ಟ್ರೋಗನ್ ಹಕ್ಕಿ! ನಲವತ್ತು ವರ್ಷದಿಂದ ಹುಡುಕ್ತಿದ್ದೆ ಕಣಪ್ಪಾ. ನಿನ್ನ ಬಾತ್‌ರೂಮಿನ ಕಿಟಕಿಯಿಂದ ಕಾಣಿಸ್ತು. ಗಾಡಿ ಯಾಕೆ ಓಡ್ತಿದೆ ಅಂತ ಗೊತ್ತಾಗ್ಲಿಲ್ಲ, ಆದ್ರೆ ಓಡಿದ್ದಕ್ಕೇ ಕಾಣಿಸಿದ್ದು. ದೇವರು ನಿನ್ನನ್ನ ಚೆನ್ನಾಗಿಟ್ಟಿರ್ಲಿ. ಇಲ್ಲಿ ಅಭಿಪ್ರಾಯದ ಕಾರ್ಡು ಎಲ್ಲಿ ಸಿಗತ್ತೆ?”

ಮರಿಸೆಲ್ ಕಿಟಕಿಯಿಂದಲೇ ಒಂದು ಕಟ್ಟು ಕಾರ್ಡು ಚಾಚಿದಳು. ಅಜ್ಜಿ ಕಟ್ಟನ್ನೇ ಚೀಲಕ್ಕೆ ಹಾಕಿಕೊಂಡು ಮತ್ತೆ ಗಾಡಿ ಹತ್ತಿದಳು. ಡೆಲ್ಮರ್ ಪೈಪನ್ನು ನೋಡುತ್ತ ನಿಂತ. ಇಲಿಗೆ ಚೆಲ್ಲಾಟ, ಡೆಲ್ಮರನಿಗೆ ಪ್ರಾಣಸಂಕಟ.

ಮಧ್ಯಾಹ್ನ ಎರಡೂವರೆಗೆ ಲೈಲ್ ಮತ್ತೆ ಬಂದ. ಈ ಸಲ ಅವನ ಮುಖದಲ್ಲಿ ಹಬ್ಬವಿತ್ತು.

“ವಿಲ್ಮಾ ಎಲ್ಲಾ ಹೇಳಿದ್ಲು,” ಎಂದ.

ಡೆಲ್ಮರ್ ವಿಲ್ಮಾಳ ಕಡೆ ನೋಡಿದ. ಅವಳು ತನ್ನ ಕುರ್ಚಿಯಲ್ಲಿ ಕೂತು ಬ್ರೆಡ್ಡಿನ ಕೊನೆಯ ತುಂಡನ್ನು ನಾಯಿಗಳಿಗೆ ಹಂಚುತ್ತಿದ್ದಳು. “ರೇಡಿಯೋದಲ್ಲಿ ಹೇಳ್ಬೇಡ ಅಂದೆ, ಹೇಳ್ಲಿಲ್ಲ,” ಎಂದಳು. “ಇವನಿಗೆ ಬಾಯಲ್ಲಿ ಹೇಳ್ದೆ.”

“ನೋಡಪ್ಪಾ ಡೆಲ್,” ಎಂದ ಲೈಲ್, “ನನಗೂ ಮನಸ್ಸಿಗೆ ಬೇಜಾರು. ಆದ್ರೆ ಪಾರ್ಕಿನ ಕೀಲಿಕೈ ಕಳೆದು ಹೋಗಿದೆ ಅಂತ ಗೊತ್ತಿದ್ದೂ ಸುಮ್ನಿದ್ರೆ ಅದು ನನ್ನ ತಪ್ಪಾಗತ್ತೆ. ನಿಯಮ ಅಂದ್ರೆ ನಿಯಮ. ಇಂಥದ್ದೆಲ್ಲ ರೇಡಿಯೋದಲ್ಲಿ ಹೇಳೋದಲ್ಲ, ಈಗಲೇ ಹೋಗಿ ರೇಂಜರಿಗೆ ಹೇಳಿ ಬರ್ತೀನಿ.”

“ಮೋರಿಗೋಸ್ಕರ ಇಷ್ಟು ಕೆಳಗಿಳೀತೀಯಾ?”

“ನೀನು ಎಷ್ಟು ಕೆಳಗಿಳಿದಿದ್ದೆ ಅಂತ ಬೆಳಗ್ಗೆ ನೋಡಿದೀನಿ. ಭುಜದ ತನಕ,” ಎಂದು ಲೈಲ್ ತನ್ನ ಟ್ರಕ್ಕು ಹತ್ತಿ, ಗಾಜು ಇಳಿಸಿ, ಬಿಳಿ ಟೋಪಿ ಸರಿಮಾಡಿಕೊಂಡು ಚಾವಿ ತಿರುಗಿಸಿದ.

ಟ್ರಕ್ಕು ಕೆಮ್ಮಿತು. ಮತ್ತೆ ತಿರುಗಿಸಿದ. ಕೆಮ್ಮಲೂ ಇಲ್ಲ.

ಮೂವತ್ತೊಂದು ವರ್ಷ ಎಂಜಿನ್ನಿನೊಳಗೇ ತಲೆ ಇಟ್ಟಿದ್ದವನಿಗೆ ಸುಮ್ಮನಿರಲಾಗಲಿಲ್ಲ. ವೈರಿಯದಾದರೂ ಎಂಜಿನ್ನು ಎಂಜಿನ್ನೇ. “ಬಾನೆಟ್ ಎತ್ತು, ನೋಡೋಣ,” ಎಂದ ಡೆಲ್ಮರ್.

ಲೈಲ್ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

ಎಂಜಿನ್ನಿನ ಮೇಲೆ, ಬ್ಯಾಟರಿಯಿಂದ ರೇಡಿಯೇಟರಿನವರೆಗೆ, ಒಂದು ಅರಮನೆ ಎದ್ದಿತ್ತು. ತಳಪಾಯಕ್ಕೆ ಲೈಲನ ನಾಲ್ಕು ಸೋಪು. ಅವುಗಳ ಅಂಚನ್ನೆಲ್ಲ ಇಲಿ ಕಚ್ಚಿ ದುಂಡಗೆ ಮಾಡಿತ್ತು. ಡಾಂಬರು ಗುಳಿಗೆಗಳನ್ನು ಬಾಗಿಲ ಎರಡೂ ಕಡೆ ಸಾಲಾಗಿ ಜೋಡಿಸಿತ್ತು. ಪುದೀನ ಎಣ್ಣೆಯ ಅರಿವೆಯನ್ನು ಸಿಗಿದು ಹಾಸಿಗೆ ಮಾಡಿಕೊಂಡಿತ್ತು. ನೀಲಿ ದೀಪದ ಸರ ಮಾತ್ರ ಇದ್ದಲ್ಲೇ ಇತ್ತು. ಮನೆಯೊಳಗೆ ಬೆಳಕು ಬೇಡವೇ? ಎಂಜಿನ್ನಿನ ತಂತಿಗಳೆಲ್ಲ ತಿಂಡಿಯಾಗಿದ್ದವು. ನಡುವಿನ ಕೋಣೆಯಲ್ಲಿ, ವಿಲ್ಮಾಳ ಕೆಳಗಿನ ಹಲ್ಲಿನ ಸೆಟ್ಟಿನ ಪಕ್ಕದಲ್ಲಿ, ಹಿತ್ತಾಳೆಯ ಕೀಲಿಕೈ ಥಳಥಳ ಹೊಳೆಯುತ್ತಿತ್ತು. ಮನೆಯ ಯಜಮಾನ, ದುಂಡು ಕಿವಿಯ ದಪ್ಪ ಇಲಿ, ಇವರನ್ನೊಮ್ಮೆ ಬೇಸರದಿಂದ ನೋಡಿ ಚಕ್ರದ ಸಂದಿನಲ್ಲಿ ಮರೆಯಾಯಿತು.

“ಹನ್ನೊಂದು ವರ್ಷ,” ಎಂದ ಡೆಲ್ಮರ್ ಮೆತ್ತಗೆ.

“ನನ್ನ ಹಲ್ಲು!” ಎಂದು ವಿಲ್ಮಾ ಕೈ ಚಾಚಿದಳು. “ಲೈಲ್, ತಿಂಗಳಿಂದ ಗಂಜಿ ಕುಡೀತಿದೀನಲ್ಲೋ, ನಿನ್ನ ಗಾಡೀಲಿ ಇಟ್ಕೊಂಡಿದ್ಯಾ?”

ಲೈಲನ ಮುಖ ಸುಣ್ಣವಾಗಿತ್ತು. ಇಲಿ ಓಡಿಸುವ ವಿಷಯದಲ್ಲಿ ಪ್ರತಿ ಶನಿವಾರ ಕ್ಯಾಂಪಿನವರಿಗೆಲ್ಲ ಪಾಠ ಹೇಳುತ್ತಿದ್ದವನು ಅವನೇ. “ಡೆಲ್,” ಎಂದ, “ಇದು ಯಾರಿಗೂ ಗೊತ್ತಾಗೋದು ಬೇಡ. ನಾನು ಕೀಲಿಕೈ ವಿಷಯ ಎತ್ತಲ್ಲ, ನೀನು ಗೂಡಿನ ವಿಷಯ ಎತ್ಬೇಡ. ಗಾಡಿ ಕೆಟ್ಟಿದೆ, ಅಷ್ಟೇ.”

“ಗಾಡಿ ಕೆಟ್ಟಿದೆ, ಅಷ್ಟೇ,” ಎಂದು ಡೆಲ್ಮರ್ ಕೈ ಕುಲುಕಿದ. ಇಬ್ಬರೂ ವಿಲ್ಮಾಳ ಕಡೆ ತಿರುಗಿದರು. ಅವಳು ಹಲ್ಲಿನ ಸೆಟ್ಟನ್ನು ಅಂಗಿಗೆ ಒರೆಸಿ ಬಾಯಿಗೆ ಹಾಕಿಕೊಂಡು, “ಎರಡು ಬ್ರೆಡ್,” ಎಂದಳು ಸ್ಪಷ್ಟವಾಗಿ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಶೌಚಾಲಯದ ಬಾಗಿಲು ತೆರೆಯಿತು. ನೆಲ ಕಾದ ಹಂಚಿನಂತೆ ಒಣಗಿತ್ತು. ಹಕ್ಕಿ ನೋಡುವವರ ಬಸ್ಸು ನೊರೀನಿಗೆ ಕೈಬೀಸುತ್ತ ಹೊರಟುಹೋಯಿತು. ಡೆಲ್ಮರ್ ಮುಖ ತೊಳೆದು, ಮುಳ್ಳು ಚುಚ್ಚಿದ, ಇಲಿ ಕಚ್ಚಿದ ಬೆರಳುಗಳಿಗೆ ಪಟ್ಟಿ ಸುತ್ತಿ, ಹೊಸ ಅಂಗಿ ತೊಟ್ಟು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತ. ಅದು ಹೊಟ್ಟೆಗೆ ಚುಚ್ಚಿತು. ಚುಚ್ಚಲಿ ಎಂದು ಸುಮ್ಮನಾದ.

ಮರಿಸೆಲ್ ಸರಿಯಾಗಿ ನಾಲ್ಕಕ್ಕೆ ಬಂದಳು. ಕೈಯಲ್ಲಿ ಕಾರ್ಡುಗಳ ಕಟ್ಟು.

“ಮಿಸ್ಟರ್ ಸ್ಟ್ರೌಡ್, ಒಂಬತ್ತು ವರ್ಷದಿಂದ ಇಲ್ಲಿದೀನಿ. ವರ್ಷಕ್ಕೆ ನಾಲ್ಕು ಅಭಿಪ್ರಾಯದ ಕಾರ್ಡು ಬಂದ್ರೆ ಹೆಚ್ಚು. ಅದರಲ್ಲಿ ಮೂರು ಸೊಳ್ಳೆ ಬಗ್ಗೆ. ಇವತ್ತು ಮಧ್ಯಾಹ್ನದೊಳಗೇ ಇಪ್ಪತ್ನಾಲ್ಕು!” ಎಂದು ಒಂದನ್ನು ಓದಿದಳು. “‘ಇಂಥ ಆತಿಥ್ಯ ಎಲ್ಲೂ ಕಂಡಿಲ್ಲ. ತಮ್ಮ ಮನೆಯನ್ನೇ ನಮಗೆ ಬಿಟ್ಟುಕೊಟ್ಟರು.’ ಇನ್ನೊಂದು: ‘ಸಾರ್ವಜನಿಕ ಶೌಚಾಲಯ ಬೇಡ, ನಮ್ಮಲ್ಲಿಗೇ ಬನ್ನಿ ಎಂದ ಮಹಾತಾಯಿ.’ ನಿಮ್ಮತ್ತೇನೂ ಒಂದು ಬರೆದಿದಾರೆ, ಮುಂದೆ ಹಿಂದೆ ಎರಡೂ ಕಡೆ.”

ಡೆಲ್ಮರನ ಎದೆ ಉಬ್ಬಿತು. ಬೆಳಗಿನಿಂದ ಬಿದ್ದ ಪಾಡೆಲ್ಲ ಹೂವಾದ ಹಾಗೆ ಅನ್ನಿಸಿತು. ಒಂದನೇ ನಂಬರಿನ ಮರದ ನೆರಳು ಕಣ್ಣ ಮುಂದೆ ಬಂತು. ನೆರಳಿನ ಕೆಳಗೆ, ಸಿಮೆಂಟಿನಲ್ಲಿ ದುಂಡಗೆ ತೆರೆದ ಆ ಮೋರಿಯ ಬಾಯಿ.

“ಅದಕ್ಕೇ ಮಧ್ಯಾಹ್ನ ಮೇಲಿನವರಿಗೆ ಫೋನ್ ಮಾಡಿದೆ,” ಎಂದಳು ಮರಿಸೆಲ್. “ನಿಮ್ಮಂಥವರನ್ನ ಒಂದನೇ ನಂಬರಲ್ಲಿ ಕೂರ್ಸೋದು ಅನ್ಯಾಯ. ಡೆಡ್ ಮ್ಯೂಲ್ ಬಯಲಲ್ಲಿ ಹೊಸ ಕ್ಯಾಂಪು ತೆರೀತಿದೀವಿ. ಹಕ್ಕಿ ನೋಡೋರಿಗೆ ಅಂತಲೇ. ಮೂರು ತಿಂಗಳಿಂದ ತಕ್ಕ ಜನಕ್ಕೆ ಹುಡುಕ್ತಿದ್ರು. ನಿಮ್ಮ ಹೆಸರು ಹೇಳಿದ್ದೇ ತಡ, ಒಪ್ಕೊಂಡ್ರು. ಮೇ ತಿಂಗಳ ತನಕ ನಿಮ್ಮದೇ ಉಸ್ತುವಾರಿ.”

ಡೆಡ್ ಮ್ಯೂಲ್ ಅಂದರೆ ಸತ್ತ ಹೇಸರಗತ್ತೆ. ಆ ಬಯಲನ್ನು ಕಂಡವರಾರೂ ಹೆಸರಿಟ್ಟವನು ಹೆಚ್ಚು ಹೇಳಿದ ಎಂದದ್ದಿಲ್ಲ.

“ಅಲ್ಲಿ… ಮೋರಿ?” ಎಂದ ಡೆಲ್ಮರ್.

“ಮೋರಿ ಇಲ್ಲ. ನೀರು ವಾರಕ್ಕೊಂದು ಸಲ ಲಾರೀಲಿ ಬರತ್ತೆ. ಟ್ಯಾಂಕು ಖಾಲಿ ಮಾಡೋ ಗುಂಡಿ ಅರವತ್ತೆರಡು ಮೈಲಿ. ರಸ್ತೆ ಪರವಾಗಿಲ್ಲ, ಅರ್ಧ.”

“ಮತ್ತೆ ಒಂದನೇ ನಂಬರು?”

“ಮಿಸ್ಟರ್ ಲೈಲ್‌ಗೆ. ಪಾಪ, ಅವರ ಟ್ರಕ್ಕು ಸ್ಟಾರ್ಟೇ ಆಗ್ತಿಲ್ಲವಂತೆ. ಗಾಡಿ ಓಡದವರನ್ನ ಎಲ್ಲಿಗೆ ಅಂತ ಕಳಿಸೋದು? ನಮ್ಮ ಟ್ರಾಕ್ಟರಲ್ಲೇ ಅವರ ಮನೇನ ಎಳ್ಕೊಂಡು ಹೋಗಿ ಅಲ್ಲಿ ನಿಲ್ಲಿಸ್ತೀವಿ.”

ದಿನವಿಡೀ ಮುಚ್ಚಿಟ್ಟ ಗುಟ್ಟನ್ನು ಡೆಲ್ಮರ್ ಆಗ ಎರಡೂ ಕೈಯಲ್ಲಿ ತೆರೆದ. “ನಾನು ಅಯೋಗ್ಯ!” ಎಂದು ಎದ್ದು ನಿಂತ. “ಕೀಲಿಕೈ ಕಳೆದಿದ್ದೆ! ಅದಕ್ಕೇ ಬೀಗ ಹಾಕಿದ್ದು. ಇಲಿಗೂಡಿಗೆ ಕೈ ಹಾಕಿದೆ, ನಾನೇ ನೆಟ್ಟ ಹಲಗೆ ಪಕ್ಕದಲ್ಲಿ! ಆ ಅಜ್ಜಿ ನಮ್ಮತ್ತೆ ಅಲ್ಲ! ನನ್ನನ್ನ ಉಸ್ತುವಾರಿಗೆ ಹಾಕ್ಬೇಡಿ. ಬೇಕಾದ್ರೆ ಶಿಕ್ಷೆ ಕೊಡಿ, ಒಂಬತ್ತನೇ ನಂಬರಲ್ಲೇ ಕೊಳೀತೀನಿ!”

ಮರಿಸೆಲ್ ಅವನನ್ನೇ ನೋಡಿದಳು. ಅವಳ ಮುಖ ಮೆತ್ತಗಾಯಿತು.

“ಕೀಲಿಕೈ ಕಳೆದ ದಿನವೇ ಹುಡುಕ್ಕೊಂಡಿದೀರಿ. ಹುಡುಕೋ ತನಕ ಜನಕ್ಕೆ ತೊಂದ್ರೆ ಆಗದ ಹಾಗೆ ನೋಡ್ಕೊಂಡಿದೀರಿ. ಕೇಳದೇನೇ ಒಪ್ಕೋತಿದೀರಿ. ಇಂಥ ಪ್ರಾಮಾಣಿಕರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ? ಇದನ್ನೂ ಮೇಲಿನವರಿಗೆ ಬರೀತೀನಿ. ಮೇ ತನಕ ಅಲ್ಲ, ಮುಂದಿನ ಚಳಿಗಾಲಕ್ಕೂ ನೀವೇ ಇರ್ಬೇಕು.”

ಡೆಲ್ಮರ್ ಕೂತ. ಕುರ್ಚಿಯ ಒಂದು ಕಾಲು ಮರಳಲ್ಲಿ ಹೂತುಹೋಯಿತು.

“ಎಷ್ಟು ಜನ ಬರ್ತಾರೆ ಅಲ್ಲಿಗೆ?” ಎಂದು ಕೇಳಿದಳು ನೊರೀನ್. ಅವಳ ಕಣ್ಣು ಹೊಳೆಯುತ್ತಿತ್ತು.

“ಈ ಕಡೆ ಟ್ರೋಗನ್ ಕಾಣಿಸಿದೆ ಅಂತ ಸುದ್ದಿ ಆದ್ಮೇಲೆ? ದಿನಕ್ಕೆ ಎರಡು ಬಸ್ಸು.”

“ಅಯ್ಯೋ, ಹಾಗಾದ್ರೆ ಬಾಳೆಹಣ್ಣು ಸಾಲಲ್ಲ!” ಎನ್ನುತ್ತ ನೊರೀನ್ ಒಳಗೋಡಿದಳು.

ಮರಿಸೆಲ್ ತನ್ನ ಟ್ರಕ್ಕಿನ ಹಿಂಬದಿಯಿಂದ ಅಗಲವಾದ ಕಂದು ಹಲಗೆಯೊಂದನ್ನು ಎತ್ತಿ ತಂದಳು. “ಅಲ್ಲಿ ಕಟ್ಟಡಗಳಿಗೆ ಇನ್ನೂ ಎರಡು ವರ್ಷ ಆಗತ್ತಂತೆ, ಮಿಸ್ಟರ್ ಸ್ಟ್ರೌಡ್. ಅಲ್ಲೀತನಕ ಏನು ಮಾಡೋದು ಅಂತಲೇ ಎಲ್ಲರೂ ತಲೆ ಕೆಡಿಸ್ಕೊಂಡಿದ್ರು. ಇದನ್ನ ಸ್ವಲ್ಪ ಹಿಡ್ಕೊಳ್ಳಿ.”

ಡೆಲ್ಮರ್ ಹಿಡಿದುಕೊಂಡ. ಬಿಳಿಯ ದಪ್ಪಕ್ಷರದಲ್ಲಿ, ಸರ್ಕಾರಿ ಮುದ್ರೆಯ ಕೆಳಗೆ, “ಸಾರ್ವಜನಿಕ ಶೌಚಾಲಯ. ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ” ಎಂದಿತ್ತು.

“ಒಂಚೂರು ಮೇಲೆ,” ಎಂದಳು ಮರಿಸೆಲ್, ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ಮನೆಗಾಡಿಯ ಬಾಗಿಲನ್ನು ಅಳೆಯುತ್ತ. “ಬಾಗಿಲಿಗೆ ಒತ್ತಿ ಹಿಡೀರಿ. ಅಗಲ ಸರಿಹೋಗತ್ತಾ ನೋಡೋಣ.”

ಸರಿಯಾಗಿಯೇ ಹೊಂದಿತು.